ಹದಿನೇಳನೆಯ ಗುಂಡಿ

ಮಂಗಳವಾರ, ತಾರೀಖು ಹನ್ನೊಂದು. ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಬಂದ ಫಿರ್ಯಾದನ್ನು ಬರೆದುಕೊಳ್ಳಲು ಕೂತ ಕಾನ್‌ಸ್ಟೇಬಲ್ ಎರಡು ಸಲ ಪೆನ್ನು ಕೆಳಗಿಟ್ಟ.

"ಏನು ಕಳುವಾಗಿದೆ ಅಂದ್ರಿ?"

"ಒಂದು ಗುಂಡಿ," ಎಂದರು ಎದುರಿಗೆ ಕೂತಿದ್ದ ಹಿರಿಯರು.

"ಅಂಗಿ ಗುಂಡಿನಾ?"

"ಬ್ಯಾಟರಿ. ಗುಂಡಿ ಥರ ಇರೋ ಸೆಲ್. ಜೊತೆಗೆ ಒಂದು ನೋಟ್‌ಪುಸ್ತಕ."

ಕಾನ್‌ಸ್ಟೇಬಲ್ ನಗು ತಡೆಯಲು ಕೆಮ್ಮಿದ. ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್‌ಗೆ ಆ ಕೆಮ್ಮಿನ ಅರ್ಥ ಗೊತ್ತಿತ್ತು. ಎದ್ದು ಬಂದು ಹಿರಿಯರನ್ನು ತನ್ನ ಮೇಜಿನ ಮುಂದೆ ಕೂರಿಸಿಕೊಂಡರು. ಬ್ಯಾಟರಿ ಸಂಶೋಧನಾಲಯದ ಮುಖ್ಯಸ್ಥರು ಅವರು; ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ನಿವೃತ್ತಿಗೆ ಮೂರೇ ತಿಂಗಳು ಬಾಕಿ.

"ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಬಂದು ಕೂತ್ಕೊಳ್ಳೋ ಜಾಗಕ್ಕೆ ಆನೋಡ್ ಅಂತೀವಿ. ಈಗ ಎಲ್ಲರೂ ಅದಕ್ಕೆ ಗ್ರಾಫೈಟ್ ಬಳಸ್ತಾರೆ, ಪೆನ್ಸಿಲ್ ಕಡ್ಡೀಲಿರುತ್ತಲ್ಲ, ಅದೇ. ನಂಬಿಕಸ್ಥ ಆಳು, ಆದ್ರೆ ಹೊಟ್ಟೆ ಚಿಕ್ಕದು. ಸಿಲಿಕಾನ್ ಅದರ ಹತ್ತರಷ್ಟು ತಿನ್ನುತ್ತೆ. ತಿಂದಾಗಲೆಲ್ಲ ಮೂರು ಪಟ್ಟು ಊದುತ್ತೆ. ಊದಿ, ಇಳಿದು, ಊದಿ, ಇಳಿದು, ಕೊನೆಗೆ ಒಡೆದು ಪುಡಿಯಾಗುತ್ತೆ. ನಾವು ಎರಡನ್ನೂ ಬೆರೆಸಿ, ಸಿಲಿಕಾನ್ ಕಣಕ್ಕೆ ಇಂಗಾಲದ ಅಂಗಿ ತೊಡಿಸಿದ್ವಿ. ಒಡೀಬಾರದು ಅಂತ."

"ಒಡೀಲಿಲ್ವಾ?"

"ಮಿಕ್ಕಿದ್ದೆಲ್ಲ ಅರವತ್ತು, ಎಪ್ಪತ್ತು ಸಲ ಚಾರ್ಜ್ ಆಗೋಷ್ಟರಲ್ಲಿ ಸೋತವು. ಹದಿನೇಳನೇದು ಮಾತ್ರ ನಾನೂರು ಸಲ ದಾಟಿತ್ತು. ಪೇಪರಲ್ಲೂ ಬಂತು. ನಾಳೆ ಬೆಳಿಗ್ಗೆ ಒಂದು ಕಾರ್ಖಾನೆಯ ತಜ್ಞರು ಬಂದು ಅದನ್ನ ಬಿಚ್ಚಿ, ತೂಗಿ ನೋಡೋರಿದ್ರು."

"ಎಷ್ಟು ವರ್ಷದ ಕೆಲಸ?"

"ಇಪ್ಪತ್ತೆರಡು."

"ಯಾರ ಮೇಲಾದ್ರೂ ಅನುಮಾನ?"

ಮೇಷ್ಟ್ರು ಮೇಜಿನ ಮೇಲಿನ ಗಾಜನ್ನು ನೋಡಿದರು. "ಕಸ ತೆಗೆಯೋರು ಒಬ್ಬರಿದ್ದಾರೆ. ಊಟದ ಹೊತ್ತಲ್ಲಿ ಅವರೊಬ್ಬರೇ ಒಳಗಿರ್ತಾರೆ. ಯಾರಾದ್ರೂ ಅವರ ಕೈಲಿ ಮಾಡಿಸಿರಬಹುದು."

ನಾಲ್ಕು ಹತ್ತಕ್ಕೆ FIR ದಾಖಲಾಯಿತು. ನಾಲ್ಕು ನಲವತ್ತೈದಕ್ಕೆ ಇನ್‌ಸ್ಪೆಕ್ಟರ್, ಠಾಣೆಯವರೆಲ್ಲ ದಫೇದಾರಮ್ಮ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್, ಫಿರ್ಯಾದು ಬರೆದುಕೊಂಡ ಕಾನ್‌ಸ್ಟೇಬಲ್, ಸಾಕ್ಷಿಗೆಂದು ಇಬ್ಬರು ಪಂಚರು ಸ್ಥಳಕ್ಕೆ ಬಂದರು.

ಮೊದಲ ಮಹಡಿಯ ಉದ್ದನೆ ಕೋಣೆ. ಕಪಾಟಿನಂಥ ಪರೀಕ್ಷಾ ಯಂತ್ರದಲ್ಲಿ ಮೂವತ್ತೆರಡು ಖಾನೆ, ಪ್ರತಿ ಖಾನೆಯಲ್ಲೂ ಎರಡು ಹಿಡಿಕೆಗಳ ನಡುವೆ ಒಂದು ಸೆಲ್, ಅದರ ಮೇಲೊಂದು ಹಸಿರು ದೀಪ. ಹದಿನೇಳನೆಯ ದೀಪ ಆರಿತ್ತು. ಕಿಟಕಿಯ ಪಕ್ಕ ಕಲ್ಲಿನ ಚಪ್ಪಡಿಯ ಮೇಲೆ ಗಾಜಿನ ಗೂಡಿನೊಳಗೆ ತಕ್ಕಡಿ. ಪಕ್ಕದ ತೆರೆದ ಕಪಾಟಿನಲ್ಲಿ ಕಪ್ಪು ಪುಡಿಯ ಜಾಡಿ, ಅರ್ಧ ತುಂಬಿದ್ದು, ಬೀಗವಿಲ್ಲ. ಬಾಗಿಲ ಹೊರಗೆ ಬೆಂಕಿ ಆರಿಸಲು ಇಟ್ಟಿದ್ದ ಮರಳಿನ ಬಕೆಟ್. ದಫೇದಾರಮ್ಮ ಒಂದೊಂದನ್ನೂ ಹೇಳುತ್ತಾ ಹೋದರು, ಕಾನ್‌ಸ್ಟೇಬಲ್ ಪಂಚನಾಮೆ ಬರೆದ, ಪಂಚರು ರುಜು ಹಾಕಿದರು. ಬೀಗ ಒಡೆದಿಲ್ಲ. ಬೆರಳಚ್ಚು ತೆಗೆದರೆ ಹತ್ತು ಜನರದ್ದು ಸಿಕ್ಕೀತು, ಎಲ್ಲರೂ ಅಲ್ಲಿಯವರೇ.

ಪಡಸಾಲೆಯ ದೂರದ ತುದಿಯ ಕ್ಯಾಮೆರಾದಲ್ಲಿ ಊಟದ ಹೊತ್ತಿಗೆ ಇಬ್ಬರೇ ಕಂಡರು. ಒಂದು ಹನ್ನೆರಡಕ್ಕೆ ಪೊರಕೆ, ಚೀಲ ಹಿಡಿದು ಒಳಹೋಗಿ ಒಂದು ಮೂವತ್ತೊಂದಕ್ಕೆ ಹೊರಬಂದ ಕಸ ಗುಡಿಸುವ ಹಿರಿಯರು. ಅವರನ್ನು ಅಲ್ಲಿ ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಇನ್ನೊಬ್ಬಳು ಒಂದು ಹದಿನೆಂಟಕ್ಕೆ ಹೋಗಿ ಒಂದು ಇಪ್ಪತ್ತೇಳಕ್ಕೆ ಬಂದ, ಕನ್ನಡಕದ ತಂತ್ರಜ್ಞೆ. ಸೆಲ್‌ಗಳಿಗೆ ಹಾಕುವ ಚೂರುಗಳನ್ನು ತೂಗುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲವಂತೆ. ಹಾಗಾಗಿ ಅವಳ ಅಡ್ಡಹೆಸರೇ ತಕ್ಕಡಿ.

ಇನ್‌ಸ್ಪೆಕ್ಟರ್ ಅವಳಿಗೆ ಕುರ್ಚಿ ಕೊಟ್ಟರು.

"ನೀವು ಒಂದು ಹದಿನೆಂಟಕ್ಕೆ ಒಳಗೆ ಹೋಗಿದ್ರಿ."

"ದಿನಕ್ಕೆ ಇಪ್ಪತ್ತು ಸಲ ಹೋಗ್ತೀನಿ ಸಾರ್."

"ಏನಾದ್ರೂ ನೋಡಿದ್ರಾ?"

"ಇಲ್ಲ."

ಇನ್‌ಸ್ಪೆಕ್ಟರ್ ಅವಳ ಹೆಸರಿನ ಮುಂದೆ ಸರಿ ಗುರುತು ಹಾಕಿದರು. ದೊಡ್ಡಪ್ಪ ಅಷ್ಟರಲ್ಲಿ ಕೆಲಸ ಮುಗಿಸಿ ಮನೆಗೆ ಹೋಗಿದ್ದರು. ಹಾಗೆ ಹೋಗಿದ್ದೇ ಆ ಸಂಜೆ ದೊಡ್ಡ ವಿಷಯವಾಗಿ ಕಂಡಿತು.

ಬುಧವಾರ ಬೆಳಿಗ್ಗೆ ಎಂಟೂವರೆ. ಸಂಶೋಧನಾಲಯದ ಗೇಟಿನಲ್ಲಿ ಹಾಜರಿ ಹಾಕಲು ಐವತ್ತು ಅರವತ್ತು ಜನ ಸಾಲಾಗಿ ನಿಂತಿದ್ದರು. ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದವರೇ ಕೂಗಿದರು.

"ಏಯ್, ಕಸದೋನೇ! ಬಾ ಇಲ್ಲಿ. ಚೀಲ ಬಿಚ್ಚು."

ದೊಡ್ಡಪ್ಪನ ಚೀಲದಿಂದ ನೀರಿನ ಬಾಟಲಿ, ಬುತ್ತಿ, ಒಂದು ಹಳೇ ಟವಲ್ಲು, ಮಡಿಸಿದ ತಾಮ್ರದ ತೆಳು ಹಾಳೆ ಬಿದ್ದವು. ಹಾಳೆಯ ತುಂಬ ದುಂಡನೆಯ ತೂತುಗಳು.

"ಇದೇನು?"

"ಸೆಲ್‌ಗೆ ಬಿಲ್ಲೆ ಕತ್ತರಿಸಿಕೊಂಡ ಮೇಲೆ ಉಳಿದದ್ದು ಸಾರ್. ಕಸದ ಬುಟ್ಟೀದು."

"ತಾಮ್ರ ಕಸನಾ? ಇನ್ನೂ ಏನೇನು ಕಸ ಸಾಗಿಸಿದೀಯ?"

ಸಾಲಿನಲ್ಲಿ ಯಾರೋ ನಕ್ಕರು. ಯಾರೋ ಫೋನ್ ಎತ್ತಿ ಚಿತ್ರ ತೆಗೆದರು. ಹತ್ತು ಗಂಟೆಯೊಳಗೆ ಆ ಚಿತ್ರ ಊರೆಲ್ಲ ಸುತ್ತಿತು.

ಠಾಣೆಯಲ್ಲಿ ವಿಚಾರಣೆ.

"ಒಳಗೆ ಹತ್ತೊಂಬತ್ತು ನಿಮಿಷ ಇದ್ದೆ. ಏನ್ ಮಾಡ್ತಿದ್ದೆ?"

"ಗುಡಿಸ್ತಿದ್ದೆ. ಆಮೇಲೆ ಒಳಕೋಣೆ ಒರೆಸಿದೆ."

"ಬೇರೆ ಯಾರಿದ್ರು?"

ದೊಡ್ಡಪ್ಪ ಸ್ವಲ್ಪ ತಡೆದರು. "ನನ್ನ ಕಣ್ಣಿಗೆ ಯಾರೂ ಬೀಳಲಿಲ್ಲ."

ಇನ್‌ಸ್ಪೆಕ್ಟರ್ ಮೇಜು ಗುದ್ದಿದರು. ಕ್ಯಾಮೆರಾದಲ್ಲಿ ತಂತ್ರಜ್ಞೆ ಕಂಡಿದ್ದಳು. ಇವರ ಕಣ್ಣಿಗೆ ಕಾಣಲಿಲ್ಲವೆಂದರೆ ಸುಳ್ಳು. ಸುಳ್ಳು ಹೇಳುವವನು ಕದ್ದೂ ಇರುತ್ತಾನೆ. ಇಪ್ಪತ್ತನಾಲ್ಕು ವರ್ಷದ ಸೇವೆ ಅವರಿಗೆ ಅಷ್ಟು ಕಲಿಸಿತ್ತು. ಬಾಗಿಲ ಬಳಿಯ ಬೆಂಚಿನಲ್ಲಿ, ಬಂದುಹೋಗುವವರಿಗೆಲ್ಲ ಕಾಣುವಂತೆ, ದೊಡ್ಡಪ್ಪನನ್ನು ಕೂರಿಸಿದರು. ಆರು ಗಂಟೆ ಕಾಲ ಕೂರಿಸಿದರು.

ಅತ್ತ ತಜ್ಞರು ಬಂದ ದಾರಿಯಲ್ಲೇ ವಾಪಸಾದರು. ಇತ್ತ ಇನ್‌ಸ್ಪೆಕ್ಟರ್ ಮಧ್ಯಾಹ್ನ ಎರಡಕ್ಕೆ ದೊಡ್ಡಪ್ಪನ ಮನೆ ಶೋಧಿಸಿದರು. ಒಂದೇ ಕೋಣೆ, ಮಂಚ, ಒಲೆ, ಎರಡು ಟ್ರಂಕು. ಕಿಟಕಿಯ ಕುಂಡಗಳ ಮೇಲೆ ದಾರ ಕಟ್ಟಿ ತೂತುತೂತಿನ ತಾಮ್ರದ ಪಟ್ಟಿಗಳನ್ನು ತೂಗುಬಿಟ್ಟಿದ್ದರು. ಗಾಳಿಗೆ ಅವು ಚರಚರ ಎನ್ನುತ್ತಿದ್ದವು.

"ಪಾರಿವಾಳ ಗಿಡ ಕೀಳ್ತಾವೆ ಅಂತ," ಎಂದರು ಅವರ ಹೆಂಡತಿ. ಟ್ರಂಕಿನ ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿದ್ದನ್ನು ನೋಡುತ್ತ ಗೋಡೆಗೆ ಒರಗಿ ನಿಂತಿದ್ದರು. ಪೊಲೀಸರು ಹೊರಡುವಾಗ ಆಕೆ ಒಂದೇ ಮಾತು ಕೇಳಿದರು: "ಅವರು ಊಟ ಮಾಡಿದ್ರಾ?"

ಇನ್‌ಸ್ಪೆಕ್ಟರ್‌ಗೆ ಗೊತ್ತಿರಲಿಲ್ಲ. ಬುತ್ತಿ ಜಪ್ತಿ ಮಾಡಿದ ಮಾಲಿನ ಜೊತೆ ಕಪಾಟಿನಲ್ಲಿತ್ತು.

ಜೀಪಿನಲ್ಲಿ ದಫೇದಾರಮ್ಮ ಬಾಯಿ ಬಿಟ್ಟರು. "ಸಾರ್, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದೀವಿ ಅನ್ಸುತ್ತೆ."

"ಯಾಕೆ?"

"ಕದಿಯೋಕೆ ಬಂದೋನು ಪುಡಿ ಯಾಕೆ ಬಿಟ್ಟ? ಜಾಡಿ ಕೈಗೆ ಸಿಗೋ ಹಾಗಿತ್ತು. ಪುಡಿ ಒಯ್ದಿದ್ರೆ ಇಪ್ಪತ್ತೆರಡು ವರ್ಷದ ಕೆಲಸ ಒಯ್ದ ಹಾಗೆ. ಬರೀ ಒಂದು ಗುಂಡಿ, ಒಂದು ಪುಸ್ತಕ. ಇದು ಬೇಕು ಅಂತ ತಗೊಂಡಿದ್ದಲ್ಲ ಸಾರ್. ಯಾರೂ ನೋಡಬಾರದು ಅಂತ ತಗೊಂಡಿದ್ದು."

ಇನ್‌ಸ್ಪೆಕ್ಟರ್ ನೇರ ಠಾಣೆಗೆ ಮರಳಿದರು. ನಾಲ್ಕು ಗಂಟೆಗೆ ದೊಡ್ಡಪ್ಪನನ್ನು ಕಳಿಸಿದರು. ಕ್ಷಮಿಸಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಠಾಣೆಯವರೆಲ್ಲ ನೋಡುತ್ತಿದ್ದರು. "ಕರೆದಾಗ ಬರಬೇಕು," ಎಂದಷ್ಟೇ ಹೇಳಿದರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಮೊದಲಿನಿಂದ ಶುರುಮಾಡಿದರು. ಯಂತ್ರ ನೋಡಿಕೊಳ್ಳುವ ಯುವಕನೊಬ್ಬ ಕಂಪ್ಯೂಟರ್ ತೆರೆದು ತೋರಿಸಿದ.

"ಸೆಲ್ ಕಿತ್ತರೆ ಇಲ್ಲಿ ಕೆಂಪಗೆ ದೋಷ ಅಂತ ಬರುತ್ತೆ ಸಾರ್. ಹದಿನೇಳಕ್ಕೆ ಬಂದಿಲ್ಲ. ಒಂದು ಇಪ್ಪತ್ತೆರಡಕ್ಕೆ ಪರೀಕ್ಷೆ ನಿಲ್ಲಿಸಿ, ಅಂಕಿಅಂಶ ಉಳಿಸಿ, ಆಮೇಲೆ ತೆಗೆದಿದ್ದಾರೆ."

"ಕಸ ಗುಡಿಸೋರಿಗೆ ಇದು ಬರುತ್ತಾ?"

"ದೊಡ್ಡಪ್ಪಂಗಾ? ಅವರು ಈ ಮೇಜು ಒರೆಸೋಕೂ ನಮ್ಮನ್ನ ಕೇಳ್ತಾರೆ."

ಎರಡು ದಿನದ ಹಿಂದೆಯೇ ಕೇಳಬಹುದಾಗಿದ್ದ ಪ್ರಶ್ನೆ.

"ಪುಸ್ತಕದಲ್ಲಿ ಏನಿತ್ತು?"

"ಯಾವ ಸೆಲ್‌ಗೆ ಎಷ್ಟು ತೂಕ ಹಾಕಿದ್ವಿ ಅನ್ನೋದು. ಒಂದು ಗ್ರಾಂ ಎಷ್ಟು ವಿದ್ಯುತ್ ಹಿಡೀತು ಅಂತ ಹೇಳಬೇಕಾದ್ರೆ ತೂಕದಿಂದ ಭಾಗಿಸಬೇಕಲ್ಲ? ತೂಕ ತಪ್ಪಿದ್ರೆ ಎಲ್ಲಾ ತಪ್ಪು."

"ಆ ತೂಕ ಬೇರೆಲ್ಲಾದ್ರೂ ಇರುತ್ತಾ?"

"ಪುಸ್ತಕ ನೋಡಿ ಕಂಪ್ಯೂಟರ್‌ಗೆ ಹಾಕಿರ್ತೀವಿ. ಆಮೇಲೆ..." ಯುವಕ ಕಿಟಕಿಯ ಕಡೆ ನೋಡಿದ. "ಆ ತಕ್ಕಡಿಗೂ ನೆನಪಿರುತ್ತೆ."

ಮೂರು ಗಂಟೆಗೆ ತಕ್ಕಡಿ ಕಂಪನಿಯ ಮೆಕ್ಯಾನಿಕ್ ಬಂದು, ಪಂಚರ ಮುಂದೆ ಅದರ ನೆನಪಿನಲ್ಲಿದ್ದುದನ್ನು ಉದ್ದದ ಕಾಗದದ ಪಟ್ಟಿಯ ಮೇಲೆ ಮುದ್ರಿಸಿ ಕೊಟ್ಟ. ದಫೇದಾರಮ್ಮ ಬೆರಳಿಟ್ಟು ಓದುತ್ತಾ ಹೋದರು. ಎಂಟು ತಿಂಗಳ ಹಿಂದಿನ ಒಂದು ಬೆಳಿಗ್ಗೆ, ಹತ್ತು ಹದಿನಾಲ್ಕಕ್ಕೆ ಹದಿನೇಳನೆಯದು: ಆರು ಪಾಯಿಂಟ್ ಎರಡು ಮಿಲಿಗ್ರಾಂ. ಹತ್ತು ಹದಿನಾರಕ್ಕೆ ಹದಿನೆಂಟನೆಯದು: ಎರಡು ಪಾಯಿಂಟ್ ಆರು. ಕಂಪ್ಯೂಟರ್‌ನಲ್ಲಿ ಇದೇ ಎರಡು ಅಂಕಿ ತಿರುಗುಮುರುಗಾಗಿದ್ದವು.

"ಹದಿನೆಂಟು ಯಾವುದು?"

"ಹೋಲಿಸಿ ನೋಡೋಕೆ ಅಂತ ಮಾಡಿದ್ದು ಸಾರ್. ಬರೀ ಗ್ರಾಫೈಟ್. ನಲವತ್ತೇ ದಿನಕ್ಕೆ ಸತ್ತುಹೋಯ್ತು, ಎಸೆದ್ವಿ..." ಯುವಕನ ಮಾತು ನಿಧಾನವಾಯಿತು. "ಆರು ಮಿಲಿಗ್ರಾಂ ತೂಗೋದು ಗ್ರಾಫೈಟ್ ಚೂರು ಮಾತ್ರ, ಚೂರುಗಳೇ ಅದಲುಬದಲಾಗಿವೆ. ಅಂದ್ರೆ ಎಸೆದದ್ದು ನಮ್ಮ ಮಿಶ್ರಣ. ಹದಿನೇಳರಲ್ಲಿ ಇದ್ದದ್ದು ಗ್ರಾಫೈಟ್. ಅದು ನಾನೂರು ಸಲ ಬರೋದ್ರಲ್ಲಿ ಏನೂ ವಿಶೇಷ ಇಲ್ಲ. ಚಿಕ್ಕ ತೂಕದಿಂದ ಭಾಗಿಸಿದ್ದಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಕಾಣಿಸ್ತು."

ಮೆಕ್ಯಾನಿಕ್ ಪೆಟ್ಟಿಗೆ ಮುಚ್ಚುತ್ತ ಹೇಳಿದ: "ಇದನ್ನ ಅಳಿಸೋಕೆ ಎರಡು ಸಲ ಒತ್ತಿದ್ರೆ ಸಾಕಾಗಿತ್ತು. ನಾಲ್ಕು ತಿಂಗಳ ಹಿಂದೆ ಇಲ್ಲಿ ತೂಗೋ ಮೇಡಮ್ಮೇ ಇದೇ ಪಟ್ಟಿ ತೆಗೆದು ನೋಡಿದ್ದಾರೆ. ಇಲ್ಲಿ ದಾಖಲಾಗಿದೆ."

ತಂತ್ರಜ್ಞೆಯ ಮೇಲಿನ ವಾರಂಟು, ವಿಚಾರಣೆ ಎಲ್ಲ ಶುಕ್ರವಾರ ಹತ್ತಕ್ಕೆ ಎಂದು ನಿಗದಿಯಾಯಿತು. ಆದರೆ ಇನ್‌ಸ್ಪೆಕ್ಟರ್ ಬೆಳಿಗ್ಗೆ ಎಂಟೂವರೆಗೇ ಗೇಟಿಗೆ ಬಂದರು. ಅದೇ ಸಾಲು. ದೊಡ್ಡಪ್ಪ ಸಾಲಿನ ಕೊನೆಯಲ್ಲಿ, ಎಲ್ಲರಿಂದ ಎರಡು ಮಾರು ದೂರ ನಿಂತಿದ್ದರು. ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು.

"ತಪ್ಪು ನಂದು. ನೀವು ಏನೂ ತಗೊಂಡಿಲ್ಲ. ಕ್ಷಮಿಸಿ."

ದೊಡ್ಡಪ್ಪ ಅವರ ಮುಖ ನೋಡಿದರು. ಕೋಪವೇನೂ ಇರಲಿಲ್ಲ, ದಣಿವಿತ್ತು.

"ಮೊನ್ನೆ ನೀವು ಜೋರಾಗಿ ಕರೆದಿದ್ರಿ ಸಾರ್. ಇದನ್ನೂ ಜೋರಾಗೇ ಹೇಳಿ."

ಇನ್‌ಸ್ಪೆಕ್ಟರ್‌ಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಸಾಲಿನತ್ತ ತಿರುಗಿದರು.

"ಎಲ್ಲರೂ ಕೇಳಿ. ಬುಧವಾರ ಇದೇ ಜಾಗದಲ್ಲಿ ಇವರನ್ನ ಕಳ್ಳ ಅನ್ನೋ ಹಾಗೆ ನಡೆಸಿಕೊಂಡೆ. ಏಕವಚನದಲ್ಲಿ ಕರೆದೆ. ಆರು ಗಂಟೆ ಊಟ ಇಲ್ಲದೆ ಕೂರಿಸಿದೆ. ಇವರು ಏನೂ ಮಾಡಿಲ್ಲ. ಪೊರಕೆ ನೋಡಿ ಅನುಮಾನ ಪಟ್ಟೆ, ಬೇರೆಯವರನ್ನ ಸರಿಯಾಗಿ ಕೇಳಲೂ ಇಲ್ಲ. ನನ್ನದು ತಪ್ಪು."

ಯಾರೂ ನಗಲಿಲ್ಲ. ಮೊನ್ನೆ ಚಿತ್ರ ತೆಗೆದವರು ಯಾರೋ, ಇವತ್ತು ಯಾರ ಕೈಯೂ ಫೋನಿಗೆ ಹೋಗಲಿಲ್ಲ. ಸಾಲಿನ ನಡುವಿನಿಂದ ತಕ್ಕಡಿ ಹೊರಬಂದಳು. ಕೈಯಲ್ಲಿ ಹಾಜರಿ ಚೀಟಿ ಹಾಗೇ ಇತ್ತು. ದಫೇದಾರಮ್ಮನ ಮುಂದೆ ನಿಂತಳು.

"ಮೇಡಂ, ನಾನು ಬರ್ತೀನಿ. ಆ ಸೆಲ್ ತಗೊಂಡಿದ್ದು ನಾನು."

ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು.

"ನಾನು ನೋಡಿದ್ದೆ ಮಗಳೇ," ಎಂದರು ಅವರು. "ಒಳಕೋಣೆಯಿಂದ. ಅಳ್ತಾ ಇದ್ದೆ ನೀನು."

"ಹೇಳಬಹುದಿತ್ತಲ್ಲ ದೊಡ್ಡಪ್ಪಾ..."

"ಅಳ್ತಿರೋರ ಹೆಸರನ್ನ ಪೊಲೀಸರಿಗೆ ಹೇಗೆ ಹೇಳೋದು?"

ಒಂಬತ್ತು ಹತ್ತಕ್ಕೆ ಅವಳು ತೋರಿಸಿದ ಜಾಗಗಳಿಂದ ವಸ್ತುಗಳನ್ನು ವಶಪಡಿಸಿಕೊಂಡರು. ಪುಸ್ತಕ ತಕ್ಕಡಿ ಯಂತ್ರ ಬಂದಿದ್ದ ಖಾಲಿ ಪೆಟ್ಟಿಗೆಯಲ್ಲಿತ್ತು. ಸೆಲ್ಲು ಬಾಗಿಲ ಹೊರಗಿನ ಮರಳಿನ ಬಕೆಟ್ಟಿನಲ್ಲಿ, ಬೆಂಕಿ ಹತ್ತದಿರಲೆಂದು ಎರಡೂ ಬದಿಗೆ ಟೇಪು ಸುತ್ತಿಸಿಕೊಂಡು ಕೂತಿತ್ತು. ಮಂಗಳವಾರ ಪಂಚನಾಮೆ ಬರೆಯುವಾಗ ಕಾನ್‌ಸ್ಟೇಬಲ್ ಅದೇ ಬಕೆಟ್ಟಿಗೆ ಕಾಲು ತಾಗಿಸಿಕೊಂಡು ನಿಂತಿದ್ದ. ಈಗ ಅವನೇ ಜಪ್ತಿ ಪಟ್ಟಿ ಬರೆದ, ತಲೆ ಎತ್ತದೆ.

ಸೆಲ್ಲನ್ನು ಮೇಷ್ಟ್ರ ಮುಂದೆಯೇ ಬಿಚ್ಚಿದರು. ಒಳಗಿನ ಕಪ್ಪು ಬಿಲ್ಲೆ ತೊಳೆದು, ಒಣಗಿಸಿ, ತೂಗಿದಾಗ ಆರು ಮಿಲಿಗ್ರಾಂ ಮೀರಿತು. ಸೆಲ್ ಬಿಚ್ಚಿದ ಯುವಕರೆಲ್ಲ ಹೊರಗೆ ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಳಿದರು.

"ನಿಮಗೆ ಗೊತ್ತಾಗಲೇ ಇಲ್ವಾ?"

ಮೇಷ್ಟ್ರು ಬಹಳ ಹೊತ್ತು ಕೈ ಒರೆಸಿಕೊಂಡರು.

"ಗ್ರಾಫೈಟ್ ಚಾರ್ಜ್ ಆಗೋ ಗೆರೆ ಮೆಟ್ಟಿಲು ಮೆಟ್ಟಿಲಾಗಿರುತ್ತೆ. ಸಿಲಿಕಾನ್‌ದು ಇಳಿಜಾರು. ಇಪ್ಪತ್ತೆರಡು ವರ್ಷ ಅದನ್ನೇ ನೋಡಿದೀನಿ. ಎರಡನೇ ತಿಂಗಳಲ್ಲಿ ಒಂದು ಸಲ ಕಂಪ್ಯೂಟರಲ್ಲಿ ಹದಿನೇಳರ ಗೆರೆ ತೆರೆದೆ. ಮೆಟ್ಟಿಲು ಕಾಣಿಸ್ತು. ಮುಚ್ಚಿಬಿಟ್ಟೆ. ಆಮೇಲೆ ತೆರೀಲೇ ಇಲ್ಲ."

"ಕಳುವಾಯ್ತು ಅಂದಾಗ?"

"ನಿಜ ಹೇಳ್ಲಾ? ಮೊದಲು ಬಂದದ್ದು ಸಮಾಧಾನ. ಹೊರಗಿನೋರು ಯಾರಾದ್ರೂ ಕದ್ದಿರಲಿ ಅನ್ನಿಸ್ತು. ಅದಕ್ಕೇ ದೊಡ್ಡಪ್ಪನ ಕಡೆ ಬೆರಳು ತೋರಿಸಿದ್ದು." ಅವರು ಕುರ್ಚಿಯಲ್ಲಿ ಕುಸಿದರು. "ಅವರು ಹದಿನಾರು ವರ್ಷದಿಂದ ನನ್ನ ಮೇಜು ಒರೆಸ್ತಿದ್ದಾರೆ."

ಇನ್‌ಸ್ಪೆಕ್ಟರ್ ಇದನ್ನೂ ಹೇಳಿಕೆಯಲ್ಲಿ ಬರೆಸಿ ರುಜು ಹಾಕಿಸಿಕೊಂಡರು. ತಜ್ಞರಿಗೂ ಪತ್ರಿಕೆಗೂ ನಿಜ ತಿಳಿಸುವ ಪತ್ರವನ್ನು ಮೇಷ್ಟ್ರು ಆ ಮಧ್ಯಾಹ್ನವೇ ಕಳಿಸಿದರು.

ಎರಡು ಐವತ್ತಕ್ಕೆ ಠಾಣೆಯಲ್ಲಿ ಬಂಧನದ ಕಾಗದ ತಯಾರಾಯಿತು. ತಕ್ಕಡಿಯ ಹೇಳಿಕೆ ಒಂದೂವರೆ ಪುಟ. ವರ್ಷದ ತಪಾಸಣೆಗೆಂದು ಹಳೆಯ ತೂಕ ತೆಗೆದ ದಿನ ತಪ್ಪು ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಪತ್ರಿಕೆಯಲ್ಲಿ ಬಂದಾಗಿತ್ತು, ಮೇಷ್ಟ್ರನ್ನು ಎಲ್ಲರೂ ಅಪ್ಪಿಕೊಂಡಾಗಿತ್ತು. ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಹೇಳುವುದು ಇನ್ನಷ್ಟು ಕಷ್ಟವಾಯಿತು, ಏಕೆಂದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ಹಾಗೇ ನಾಲ್ಕು ತಿಂಗಳು.

"ಕೆಲಸ ಹೋಗುತ್ತೆ ಅಂತ ಹೆದರಿದ್ರಾ?" ಎಂದರು ಇನ್‌ಸ್ಪೆಕ್ಟರ್.

"ಇಲ್ಲ ಸಾರ್. ಯಾರೂ ಬೈತಿರಲಿಲ್ಲ. ಅದೇ ಕಷ್ಟ. 'ತಕ್ಕಡಿಗೂ ತಪ್ಪುತ್ತಾ?' ಅಂತ ನಗೋರು. ಆ ನಗೂನ ನಾನು ದಿನಾ ಕೇಳಿಸಿಕೊಳ್ತಿದ್ದೆ, ಯಾರೂ ನಗದೇ ಇದ್ರೂ."

"ಯಂತ್ರದ ನೆನಪು ಯಾಕೆ ಅಳಿಸಲಿಲ್ಲ?"

"ಅದು ಸರಿಯಾಗೇ ತೂಗಿತ್ತಲ್ಲ ಸಾರ್. ಅದರ ಬಾಯಿ ಮುಚ್ಚಿಸೋಕೆ ಕೈ ಬರಲಿಲ್ಲ."

ದಫೇದಾರಮ್ಮ ಕಾಗದದ ಕೊನೆಯ ಸಾಲಿಗೆ ಬಂದರು. "ಬಂಧನದ ವಿಷಯ ಮನೇಲಿ ಯಾರಿಗೆ ತಿಳಿಸಬೇಕು?"

"ಅಕ್ಕನಿಗೆ. ಅವಳ ಜೊತೇಲೇ ಇರೋದು. ಪೇಪರಲ್ಲಿ ಬಂದದ್ದನ್ನ ಕತ್ತರಿಸಿ ಗೋಡೆಗೆ ಹಾಕಿದಾಳೆ. ಬಂದೋರಿಗೆಲ್ಲ ತೋರಿಸ್ತಾಳೆ."

"ನಾವೇ ನಿಧಾನಕ್ಕೆ ಹೇಳ್ತೀವಿ ಬಿಡಮ್ಮ."

"ಬೇಡ ಮೇಡಂ. ನಾನೇ ಹೇಳ್ತೀನಿ."

ಮೇಜಿನ ಮೇಲಿನ ಫೋನ್ ಅವಳ ಮುಂದೆ ಸರಿಯಿತು. ಕೋಣೆ ಚಿಕ್ಕದು, ಆ ಕಡೆಯ ದನಿಯೂ ಕೇಳುತ್ತಿತ್ತು. ಅವಳು ಮೊದಲಿನಿಂದ ಹೇಳಿದಳು, ಎಲ್ಲೂ ಮೊಟಕು ಮಾಡದೆ: ಅದಲುಬದಲು, ಗೊತ್ತಾದ ದಿನ, ಮರಳಿನ ಬಕೆಟ್ಟು, ಬೆಂಚಿನ ಮೇಲೆ ಕೂತ ದೊಡ್ಡಪ್ಪ. ಅಕ್ಕ ನಡುವೆ ಬಾಯಿ ಹಾಕಲಿಲ್ಲ.

"ನಾಲ್ಕು ತಿಂಗಳು," ಎಂದಿತು ಆ ಕಡೆಯ ದನಿ. "ದಿನಾ ನನ್ನ ಎದುರಿಗೇ ಕೂತು ಊಟ ಮಾಡ್ತಿದ್ಯಲ್ಲೇ. ಇಷ್ಟನ್ನೂ ಒಬ್ಬಳೇ ಇಟ್ಕೊಂಡಿದ್ಯಾ?"

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಇನ್‌ಸ್ಪೆಕ್ಟರ್ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಠಾಣಾ ದಿನಚರಿಯಲ್ಲಿ ಆ ಹೊತ್ತಿನ ನಮೂದು ದಫೇದಾರಮ್ಮನ ಕೈಬರಹದಲ್ಲಿದೆ: ಮೂರು ಗಂಟೆ ಇಪ್ಪತ್ತು ನಿಮಿಷ. ಸಂಬಂಧಿಗೆ ವಿಷಯ ತಿಳಿಸಲಾಗಿದೆ. ತಿಳಿಸಿದವರು, ಆರೋಪಿ ಸ್ವತಃ.